ದಿಲ್ಲಿ ಸರಕಾರದ ಖಾಕಿ

ನಮ್ಮ ವಲಾಂಡಿಯ ಕುರುಬರ ಅಮೋಘಸಿದ್ಧ ಸೆಂಟ್ರಲ್ ರಿಸರ್ವ್ ಪೊಲೀಸಿನ ಜವಾನ. ಅವನು ರಜೆಗೆ ಬಂದನೆಂದರೆ ಉದಗೀರದ ಚಹಾದಂಗಡಿಯೇ ನೌಕರಿ ಭರ್ತಿಯ ಕಚೇರಿ. ಎದುರಾದವರನ್ನೆಲ್ಲ ಟಗರು ಕೊಳ್ಳುವವನಂತೆ ಬೆನ್ನೊತ್ತಿ ನೋಡಿ ತೀರ್ಪು ಕೊಡುತ್ತಾನೆ: "ಎದಿ ಅಗಲ ಅದ, ನಮ್ಮ ಸಿ.ಆರ್.ಪಿ.ಗೆ ಬರ್ರಿ. ನಿಮಗ ಲೆಕ್ಕ ಬರ್ತದೇನ್ರಿ? ತಂಬಾಕು ಸುಂಕದ ಇನ್ಸ್‌ಪೆಕ್ಟರ್ ಆಗ್ರಿ. ನಿದ್ದಿ ಕಮ್ಮಿ ಇದ್ದವ್ರು ರೇಲ್ವೆ ಪಹರಾಕ್ಕ ಹೋಗ್ರಿ. ಎಲ್ಲಾ ದಿಲ್ಲಿ ಸರಕಾರದ್ದೇ!" ಹಲ್ಲುದುರಿದ ಅಡತಿ ವ್ಯಾಪಾರಿ ಮನ್ಮಥಪ್ಪನಿಗೂ ಒಂದು ಹುದ್ದೆ ಹುಡುಕಿಕೊಟ್ಟಿದ್ದಾನೆ. ಇಸ್ತ್ರಿ ಮುರಿಯಬಾರದೆಂದು ನಿಂತೇ ಚಹಾ ಕುಡಿಯುವ ಅಮೋಘಸಿದ್ಧ ಊರ ಅಗಸಿ ಬಾಗಿಲು ಬಂದೊಡನೆ ಮಾತ್ರ ಸಮವಸ್ತ್ರದ ಮೇಲೆ ಕಂಬಳಿ ಹೊದ್ದುಕೊಳ್ಳುತ್ತಾನೆ. ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯ ಗದ್ದಲದ ವರ್ಷ ಖಾಕಿಯವರು ಊರು ಹೊಕ್ಕಂದಿನಿಂದ ಅವನವ್ವ ಮಾಳಮ್ಮ ಯಾರ ಮೈಮೇಲೆ ಖಾಕಿ ಕಂಡರೂ ಕುರಿಹಟ್ಟಿಯೊಳಗೆ ಅಡಗುತ್ತಾಳೆ. ಆದರೆ ಈ ದೀಪಾವಳಿಗೆ ಮಾಳಮ್ಮ ಅಗಸಿಯಲ್ಲೇ ಕಾದು ನಿಂತಿದ್ದಳು. ಊರೆಲ್ಲ ನೋಡುತ್ತಿರುವಾಗ ಮಗನ ಕಂಬಳಿ ಜಗ್ಗಿ ತೆಗೆದು, ಇಸ್ತ್ರಿಯ ಖಾಕಿ ಎದೆಗೆ ಕುಲದೇವರು ಬೀರಪ್ಪನ ಅರಿಶಿನದ ಭಂಡಾರ ಮೆತ್ತಿದಳು. "ಮುಚ್ಚಬ್ಯಾಡಪ್ಪಾ, ಈ ಖಾಕಿ ನನ್ನ ಹೊಟ್ಟ್ಯಾಗ ಹುಟ್ಯಾದ. ಇದಕ್ಕ ನಾ ಯಾಕ ಅಂಜಲಿ?"