ಕಂಪ್ಯೂಟರಿನಲ್ಲಿ ಮಾತ್ರ ಇದ್ದ ಕಿಟಕಿಗಳು

ನಮ್ಮ ಭಾವನ ಕಸುಬು ಬೆಂಕಿ ಹಚ್ಚುವುದು. ಹೆದರಬೇಡಿ, ಕಂಪ್ಯೂಟರಿನೊಳಗೆ ಮಾತ್ರ. ಕಟ್ಟಡದ ನಕ್ಷೆ ಕೊಟ್ಟರೆ, ಅಲ್ಲಿ ಬೆಂಕಿ ಬಿದ್ದಾಗ ಹೊಗೆ ಎತ್ತ ಹರಿಯುತ್ತದೆ, ಒಳಗಿದ್ದವರು ಉಸಿರುಗಟ್ಟುವ ಮೊದಲು ಹೊರಬರುತ್ತಾರೋ ಇಲ್ಲವೋ ಎಂದು ಲೆಕ್ಕ ಹಾಕಿ ತೋರಿಸುತ್ತಾರೆ. ಮನೆಯಲ್ಲಿ ಹಾಲು ಸೀದುಹೋದರೂ ಅಕ್ಕನಿಗೆ ಅರ್ಧ ಗಂಟೆ ಉಪನ್ಯಾಸ ತಪ್ಪಿದ್ದಲ್ಲ.

ಒಂದು ಹೊಸ ಚಿತ್ರಮಂದಿರವನ್ನು ಹೀಗೆ ಸುಟ್ಟು ನೋಡಿದಾಗ ಅರ್ಧ ಜನ ಒಳಗೇ ಉಳಿದರು. ಮಾಲೀಕರಿಗೆ ಬಹಳ ಸಂಕಟವಾಯಿತು. ಜನರಿಗಾಗಿ ಅಲ್ಲ, ಪರವಾನಗಿಗಾಗಿ.

"ಸ್ವಲ್ಪ ಹೊಗೆ ಕಡಿಮೆ ಮಾಡಿ ಸಾರ್, ಎಲ್ಲಾ ನಿಮ್ಮ ಕೈಯಲ್ಲೇ ಇದೆಯಲ್ಲ."

ಭಾವ ಧರ್ಮಾತ್ಮರು, ಹೊಗೆಯನ್ನು ಮುಟ್ಟಲಿಲ್ಲ. ಕಂಪ್ಯೂಟರಿನಲ್ಲಿ ಸೂರಿನ ಕೆಳಗೆ ಎರಡು ಕಿಟಕಿ ಬಿಡಿಸಿ, "ಆಮೇಲೆ ಕಟ್ಟಿಸ್ಕೊಳ್ಳಿ" ಎಂದರು. ಹೊಗೆ ಮರ್ಯಾದೆಯಿಂದ ಹೊರಹೋಯಿತು. ಸತ್ತವರೆಲ್ಲ ಎದ್ದು ನಡೆದರು. ಪರವಾನಗಿಯೂ ಬಂತು. ಗೋಡೆ ಮಾತ್ರ ಗೋಡೆಯಾಗಿಯೇ ಉಳಿಯಿತು.

ಮೊದಲ ದಿನದ ಆಟಕ್ಕೆ ಮಾಲೀಕರು ಮನೆಮಂದಿಗೆಲ್ಲ ಪುಕ್ಕಟೆ ಪಾಸು ಕಳಿಸಿದರು, ನಟ್ಟನಡುವಿನ ಸೀಟು. ಭಾವ ನಮ್ಮನ್ನೆಲ್ಲ ಅಲ್ಲಿಂದ ಎಬ್ಬಿಸಿ ಹಿಂದಿನ ಬಾಗಿಲ ಪಕ್ಕ ಕೂರಿಸಿದರು. ಬಾಗಿಲನ್ನು ಎರಡು ಸಲ ತಳ್ಳಿಯೂ ನೋಡಿದರು.

ಅಕ್ಕ ಪಾಸಿನಿಂದಲೇ ಗಾಳಿ ಬೀಸಿಕೊಂಡಳು. "ಏನ್ರೀ ಇದು ಧಗೆ! ಮೇಲೆ ಒಂದೆರಡು ಕಿಟಕಿ ಇಟ್ಟಿದ್ರೆ ಇವರ ಗಂಟೇನು ಹೋಗ್ತಿತ್ತು?"

ಕೇಳದಿದ್ದರೂ ಉಪನ್ಯಾಸ ಕೊಡುವ ಭಾವ ಅಂದು ಪರದೆಯಿಂದ ಕಣ್ಣು ಕೀಳಲಿಲ್ಲ. ಪರದೆಯ ಮೇಲೆ ಇನ್ನೂ ಏನೂ ಶುರುವಾಗಿರಲಿಲ್ಲ.