ಪಕ್ಕದ ಹಾಸಿಗೆಯ ನರಳಿಕೆ

ಸಾಗರದ ಒಂದು ಆಸ್ಪತ್ರೆಯಲ್ಲಿ ನನ್ನ ಹೊಟ್ಟೆಯಿಂದ ತೆಗೆದದ್ದು ಕಿರುಬೆರಳಿನಷ್ಟು ಅಪೆಂಡಿಕ್ಸು. ಊರಿಗೆ ಬಂದು ಹೇಳುವಾಗ ಅದನ್ನು ಮೊಳದುದ್ದ ಮಾಡಿದೆ. ಡಾಕ್ಟರು, ಕಾಂಪೌಂಡರು, ಹೆದರಿ ಬೆವರಿದ ನಾನು, ಎಲ್ಲರ ದನಿಯಲ್ಲೂ ಆ ಕಥೆ ಹೇಳಿ ಜನರನ್ನು ನಗಿಸಿದ್ದೇನೆ. ಒಂದು ಮಧ್ಯಾಹ್ನವನ್ನು ಮಾತ್ರ ಬಿಟ್ಟು.

ಅವತ್ತು ಬೆಳಿಗ್ಗೆ ಪಕ್ಕದ ಹಾಸಿಗೆಗೆ ಹೊಸನಗರದ ಕಡೆಯ ಅಜ್ಜನನ್ನು ತಂದು ಮಲಗಿಸಿದರು. ಹೊಟ್ಟೆಹುಣ್ಣಿನ ಆಪರೇಷನ್. ಜೊತೆಗೆ ಹೆಂಡತಿ ಮಾತ್ರ. ಮಂಪರು ಇಳಿಯುತ್ತಲೇ ಅಜ್ಜ ನರಳಲು ಶುರುಮಾಡಿದರು. ‘ಅಯ್ಯಮ್ಮಾ...’ ಎಂದು ಎಳೆದು, ಕೊನೆಗೆ ಮೂಗಿನಲ್ಲೊಂದು ‘ಹ್ಞೂಂ’. ಎದುರು ಹಾಸಿಗೆಯಲ್ಲಿ ಕಾಲು ಮುರಿದುಕೊಂಡು ಬಿದ್ದಿದ್ದ ತೀರ್ಥಹಳ್ಳಿಯ ಗೌಡರಿಗೆ ತಡೆಯಲಾಗಲಿಲ್ಲ.

‘ಸಿಸ್ಟರೇ, ಅವ್ರಿಗೆ ಎಂತಾರೂ ಕೊಡಿ ಮಾರಾಯ್ರೆ. ಆಲೆಮನೆ ಕೋಣನೂ ಹಿಂಗೆ ಕೂಗಲ್ಲ.’

ಹನ್ನೆರಡು ಹಾಸಿಗೆಗೆ ಸಿಸ್ಟರು ಒಬ್ಬರೇ. ಗಂಟೆಗೊಮ್ಮೆ ಬಂದು ನಾಡಿ, ಬಿ.ಪಿ. ನೋಡಿ ಚಾರ್ಟಿನಲ್ಲಿ ಬರೆಯುತ್ತಿದ್ದರು. ನಡುವಿನ ಹೊತ್ತನ್ನು ಕಿವಿಗೆ ವಹಿಸಿದ್ದರು.

‘ನರಳ್ಲಿ ಬಿಡಿ ಗೌಡ್ರೆ. ನಾನು ಆ ಮೂಲೇಲಿ ಕೂತಿದ್ರೂ ಅಜ್ಜ ಇದಾರೆ ಅಂತ ನಂಗೆ ಗೊತ್ತಾಗತ್ತೆ. ಸ್ವರ ನಿಂತ್ರೆ ಓಡಿ ಬರ್ತೀನಿ.’

ಇದನ್ನು ನಾನು ಕೇಳಿಸಿಕೊಂಡಿದ್ದೆ. ಕೇಳಿಸಿಕೊಂಡೂ ಮಾಡಿದೆ.

ಊಟದ ಹೊತ್ತು ಕಳೆದು ಅಜ್ಜಿ ಪಾತ್ರೆ ತೊಳೆಯಲು ಹೋದರು. ಅಜ್ಜನ ನರಳಿಕೆ ಸಣ್ಣಗಾಗಿ ನಿಂತಿತು. ನಿದ್ದೆ ಬಂತು ಅಂದುಕೊಂಡೆ. ರಂಗಸ್ಥಳ ಖಾಲಿಯಾಯಿತಲ್ಲ ಎಂದು ಅಜ್ಜನ ದನಿಯಲ್ಲಿ ನಾನು ಪ್ರವೇಶ ಮಾಡಿದೆ. ‘ಅಯ್ಯಮ್ಮಾ... ಹ್ಞೂಂ.’ ಗೌಡರು ಹೊಟ್ಟೆ ಕುಲುಕಿಸಿ ನಕ್ಕರು. ದೂರದ ಮೇಜಿನಲ್ಲಿ ಸಿಸ್ಟರು ತಲೆಯೆತ್ತಿ ಆಲಿಸಿ, ಮತ್ತೆ ಬಗ್ಗಿ ಹತ್ತಿ ಉಂಡೆ ಕಟ್ಟತೊಡಗಿದರು. ಸಿಸ್ಟರೇ ನಂಬಿದರಲ್ಲ! ನಾನು ಉಬ್ಬಿಹೋದೆ. ಹೊಲಿಗೆ ಎಳೆಯುತ್ತಿದ್ದರೂ ನಿಲ್ಲಿಸಲಿಲ್ಲ. ಹತ್ತು ನಿಮಿಷ ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಹೆಚ್ಚೇ ಇರಬೇಕು.

ಅಜ್ಜಿ ಬಂದು ಗಂಡನ ಹಣೆ ಮುಟ್ಟಿದರು.

‘ಮೈಯೆಲ್ಲಾ ತಣ್ಣಗೆ ಬೆವತೋಯ್ದು. ಇವ್ರ ಬಾಯಿ ಮುಚ್ಚಿದ್ದು...’ ಎನ್ನುತ್ತ ನನ್ನತ್ತ ತಿರುಗಿದರು. ‘ತಮಾ, ಸ್ವರ ನಿನ್ನ ಬಾಯಿಂದ ಬತ್ತಾ ಇದ್ದಲಾ!’

ಮರುಕ್ಷಣ ಅವರು ಕೂಗಿಕೊಂಡರು. ಸಿಸ್ಟರು ಓಡಿಬಂದು ಮಂಚದ ಕಾಲಿನ ಕಡೆಗೆ ಇಟ್ಟಿಗೆ ಕೊಟ್ಟು ಎತ್ತರಿಸಿದರು. ಡಾಕ್ಟರು ಬಂದರು. ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು.

‘ನಾಡಿ ಸಿಗ್ತಾ ಇಲ್ಲ. ಎಷ್ಟ್ ಹೊತ್ತಾಯ್ತು ಹಿಂಗಾಗಿ?’

‘ಈಗಷ್ಟೇ ನರಳ್ತಾ ಇದ್ರು ಸರ್. ನಾನೇ ಕೇಳ್ದೆ.’

‘ಈ ಸ್ಥಿತೀಲಿರೋರು ನರಳ್ತಾರೇನ್ರೀ? ನಿದ್ದೆ ಹೊಡೀತಿದ್ರಾ?’

ಅಜ್ಜಿ ಅಳುತ್ತಿದ್ದರು. ಗೌಡರು ಗೋಡೆ ನೋಡಿದರು. ನಾನು ಕಣ್ಣು ಮುಚ್ಚಿ ನಿದ್ದೆ ಹೋದವನ ನಟನೆ ಮಾಡಿದೆ. ಅದನ್ನೂ ಚೆನ್ನಾಗಿಯೇ ಮಾಡಿದೆ.

ಅಜ್ಜನನ್ನು ಮತ್ತೆ ಥಿಯೇಟರಿಗೆ ಒಯ್ದರು. ಸಂಜೆ ವಾಪಸು ತಂದಾಗ ಉಸಿರಿತ್ತು. ಮರುದಿನ ಬೆಳಿಗ್ಗೆ ಕಣ್ಣು ಬಿಟ್ಟು ನೀರು ಕೇಳಿದರು. ಸಿಸ್ಟರು ಮಾತ್ರ ಮೇಜಿನ ಬಳಿ ಕೂರಲೇ ಇಲ್ಲ. ಕಾಲು ಗಂಟೆಗೊಮ್ಮೆ ಹನ್ನೆರಡೂ ಹಾಸಿಗೆ ಸುತ್ತುತ್ತಿದ್ದರು. ಪಾದ ಊದಿ ಚಪ್ಪಲಿ ಬಿಟ್ಟಿದ್ದರು. ನನ್ನ ಬಳಿ ಬಂದಾಗ ಮೆಲ್ಲಗೆ ಹೇಳಿದೆ.

‘ನಿನ್ನೆ ನರಳಿದ್ದು ನಾನು, ಸಿಸ್ಟರ್.’

‘ಅಜ್ಜಿ ಹೇಳಿದ್ರು.’

‘ಡಾಕ್ಟ್ರಿಗೆ ನಾನೇ ಹೇಳ್ತೀನಿ.’

‘ನಿನ್ನೆ ಬಾಯಿರ್ಲಿಲ್ವಾ? ಊರವರ ಸ್ವರ ಎಲ್ಲಾ ಬರತ್ತಲ್ಲ ನಿಮ್ಗೆ.’

ಅಷ್ಟೇ ಹೇಳಿ ನನ್ನ ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ನಿಂತರು.

ಹತ್ತು ಗಂಟೆಗೆ ಡಾಕ್ಟರು ಬಂದರು. ನನ್ನ ಹೊಲಿಗೆ ನೋಡಿ, ‘ಚೆನ್ನಾಗಿದೆ, ನಾಳೆ ಮನೆಗೆ ಹೋಗ್ಬಹುದು,’ ಅಂದರು.

‘ಸರ್...’ ಅಂದೆ.

‘ಏನು, ನೋವಿದ್ಯಾ?’

ಸಿಸ್ಟರು ಚಾರ್ಟು ಹಿಡಿದುಕೊಂಡು ಅವರ ಹಿಂದೆಯೇ ನಿಂತಿದ್ದರು.

‘ಎಂತದೂ ಇಲ್ಲ ಸರ್,’ ಅಂದೆ.