ಮಂಚದ ತಲೆ ಯಾವ ಗೋಡೆಗೆ

ಸೋಮವಾರ ಬೆಳಿಗ್ಗೆ ಕರೆಂಟಿನ ಕೆಲಸದ ಎಲಿಕೆಮ್ ಅಕ್ವೆಲೆಯ ಕೈಗೆ ಒಂದು ಸೀಮೆಸುಣ್ಣ ಕೊಟ್ಟು, ಎಲ್ಲೆಲ್ಲಿ ಸ್ವಿಚ್ ಬೇಕು, ಎಲ್ಲೆಲ್ಲಿ ಪ್ಲಗ್ ಪಾಯಿಂಟ್ ಬೇಕು, ಗೋಡೆ ಮೇಲೆ ಗುರುತು ಹಾಕಿ ಅಂದ. ಗುರುತು ಹಾಕಿದ ಕಡೆ ಅವನು ಇಟ್ಟಿಗೆ ಕೊರೆದು ಪೈಪ್ ಕೂರಿಸುತ್ತಾನೆ. ಮುಂದಿನ ಸೋಮವಾರ ಗಾರೆಯವರು ಬಂದು ಎಲ್ಲವನ್ನೂ ಸಿಮೆಂಟಿನಿಂದ ಮುಚ್ಚುತ್ತಾರೆ. ಮುಚ್ಚಿದ ಮೇಲೆ ಸ್ವಿಚ್ ಆ ಕಡೆ ಬೇಕಿತ್ತು, ಈ ಕಡೆ ಬೇಕಿತ್ತು ಅಂದರೆ ಗೋಡೆ ಒಡೆಯಬೇಕು. ಅಷ್ಟೇ ವಿಷಯ. ಬೇರೆ ಯಾರಿಗಾದರೂ ಅರ್ಧ ಗಂಟೆಯ ಕೆಲಸ.

ಅಕ್ವೆಲೆ ಸಾಮಾನ್ಯ ಹೆಂಗಸಲ್ಲ. ಟೆಶಿ ಅನ್ನುವ ಮೀನುಗಾರರ ಊರಿನ ಕಡಲ ದಂಡೆಯಲ್ಲಿ ಮೂವತ್ತೆಂಟು ವರ್ಷ ಕೆಂಕೆ ಬೇಯಿಸಿ ಮಾರಿದವಳು. ಹುದುಗು ಬಂದ ಮೆಕ್ಕೆಜೋಳದ ಹಿಟ್ಟನ್ನು ಉಂಡೆ ಕಟ್ಟಿ, ತೆನೆಯ ಸಿಪ್ಪೆಯಲ್ಲಿ ಸುತ್ತಿ, ಆಳೆತ್ತರದ ಹಂಡೆಯಲ್ಲಿ ಬೇಯಿಸುತ್ತ ಮೂರು ಮಕ್ಕಳನ್ನು ದಡ ಸೇರಿಸಿದವಳು. ಅವಳಿಗಳಲ್ಲಿ ಮೊದಲು ಹೊರಬಿದ್ದವಳು. ಆಮೇಲೂ ಯಾವುದಕ್ಕೂ ಯಾರಿಗಾಗಿಯೂ ಕಾದವಳಲ್ಲ. ಎಂಟು ವರ್ಷದಿಂದ ಒಂದೊಂದೇ ಗೋಡೆ ಎಬ್ಬಿಸುತ್ತ, ಕಡಲಿನಿಂದ ದೂರ ಒಳನಾಡಿನಲ್ಲಿ, ಎರಡು ಟ್ರೋಟ್ರೋ ಗಾಡಿ ಬದಲಾಯಿಸಿ ಹೋಗಬೇಕಾದ ಅಮ್ರಾಹಿಯಾದಲ್ಲಿ ನಾಲ್ಕು ಕೋಣೆಯ ಮನೆ ನಿಲ್ಲಿಸಿದ್ದಳು. ಮಂಡಿ ಕೈಕೊಟ್ಟಿತ್ತು, ಹಂಡೆಯನ್ನು ಅಕ್ಕನ ಮಗಳಿಗೆ ಬಿಟ್ಟುಕೊಡುವ ಕಾಲ ಬಂದಿತ್ತು. ತನ್ನದೇ ಒಂದು ಬಾಗಿಲು ಇರಬೇಕು ಅನ್ನುವುದು ಅವಳ ಆಸೆ. ಆ ಬಾಗಿಲ ಒಳಗೆ ಏನಿರಬೇಕು ಅಂತ ಅವಳು ಯೋಚಿಸಿಯೇ ಇರಲಿಲ್ಲ ಅನ್ನುವುದು ಸೀಮೆಸುಣ್ಣ ಕೈಗೆ ಬಂದ ಮೇಲೆ ಗೊತ್ತಾಯಿತು.

ಮೊದಲು ಅವಳು ಅಂಗಳಕ್ಕೆ ಹೋದಳು. ಫ್ರಿಜ್ಜಿಗೆ ಒಂದು, ಟೀವಿಗೆ ಒಂದು, ಇಸ್ತ್ರಿಗೆ, ಮೆಣಸಿನಕಾಯಿ ರುಬ್ಬುವ ಮಿಕ್ಸಿಗೆ, ಫ್ಯಾನಿಗೆ, ಫೋನುಗಳಿಗೆ ಸಾಲಾಗಿ ನಾಲ್ಕು, ಹೀಗೆ ಅಂಗಳದ ಗೋಡೆಯ ಮೇಲೆ ಒಂಬತ್ತು ಗುರುತು ಹಾಕಿದಳು. ಒಳಗಿನ ಕೋಣೆಗಳಿಗೆ ತಲಾ ಒಂದು ಬಲ್ಬು ಸಾಕು ಅಂದಳು. ಎಲಿಕೆಮ್ ತಲೆ ಕೆರೆದುಕೊಂಡ.

"ಅಮ್ಮಾ, ನೀವು ಮನೆ ಕಟ್ತಾ ಇದೀರೋ, ಅಂಗಳ ಕಟ್ತಾ ಇದೀರೋ?"

ಅವಳ ತಪ್ಪೇನೂ ಇಲ್ಲ. ಅವಳ ತಾಯಿಯ ಮನೆಯಲ್ಲಿ ಇಪ್ಪತ್ತಮೂರು ಹೆಂಗಸರು ಮಕ್ಕಳು. ಬದುಕೆಲ್ಲ ನಡೆಯುವುದು ಅಂಗಳದಲ್ಲಿ, ಕೋಣೆ ಇರುವುದು ಪೆಟ್ಟಿಗೆ ಇಡುವುದಕ್ಕೆ ಮತ್ತು ಮಲಗುವುದಕ್ಕೆ. ಟೀವಿಯನ್ನು ಕೂಡ ಕಿಟಕಿಯಲ್ಲಿ ಹೊರಗೆ ಮುಖ ಮಾಡಿ ಇಡುವುದು ಅಲ್ಲಿಯ ಪದ್ಧತಿ. ಎಲಿಕೆಮ್ ವೋಲ್ಟಾ ನದಿಯ ಆಚೆಯವನು, ಎವೆ ಅನ್ನುವ ಬೇರೆ ಜನಾಂಗದವನು. ಅವನಿಗೆ ಇದೆಲ್ಲ ಎಲ್ಲಿ ಗೊತ್ತು. ಅವನು ತಾಳ್ಮೆಯಿಂದ ಒಂದೊಂದೇ ಗುರುತನ್ನು ಅಂಗಳದಿಂದ ಒಳಗೆ ತರಿಸಿದ. ಫ್ರಿಜ್ಜು ಅಡುಗೆಮನೆಗೆ ಬಂತು, ಟೀವಿ ನಡುಮನೆಗೆ ಬಂತು. ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಒಂದು ಹದಕ್ಕೆ ಬಂದಾಗ ದೊಡ್ಡ ಕೋಣೆಯಲ್ಲಿ ನಿಂತು ಕೇಳಿದ.

"ಇಲ್ಲಿ ಮಂಚದ ತಲೆ ಯಾವ ಗೋಡೆಗೆ ಬರುತ್ತೆ? ತಲೆ ಹತ್ರ ಒಂದು ಸ್ವಿಚ್ ಬೇಕಲ್ಲ. ಯಜಮಾನರು ಯಾವ ಕಡೆ ಮಲಗ್ತಾರೆ?"

ಅಕ್ವೆಲೆ ನಾಳೆ ಹೇಳ್ತೀನಿ ಅಂದಳು. ಮಂಗಳವಾರವೂ ನಾಳೆ ಅಂದಳು. ಬುಧವಾರ ಅವನ ಕಣ್ಣು ತಪ್ಪಿಸಿ ಓಡಾಡಿದಳು.

ಯಾಕೆಂದರೆ ಉತ್ತರ ಅವಳಿಗೇ ಗೊತ್ತಿರಲಿಲ್ಲ. ಮದುವೆಯಾಗಿ ಮೂವತ್ತಾರು ವರ್ಷವಾದರೂ ಅವಳು ತಾಯಿಯ ಮನೆ ಬಿಟ್ಟಿರಲಿಲ್ಲ, ಅವಳ ಗಂಡ ಸೋವಾ ತಂದೆಯ ಮನೆ ಬಿಟ್ಟಿರಲಿಲ್ಲ. ಅದರಲ್ಲಿ ಜಗಳವೇನೂ ಇಲ್ಲ. ಆ ಕೇರಿಯಲ್ಲಿ ಹೆಂಗಸರ ಮನೆ ಬೇರೆ, ಗಂಡಸರ ಮನೆ ಬೇರೆ, ಎಲ್ಲರೂ ಬದುಕಿದ್ದು ಹಾಗೆಯೇ. ಇಬ್ಬರ ಮನೆಗೂ ನಡುವೆ ಇನ್ನೂರು ಹೆಜ್ಜೆ ಮತ್ತು ಒಂದು ಚರಂಡಿ. ಸಂಜೆಯಾದರೆ ಅಕ್ವೆಲೆಯ ಮನೆಯಿಂದ ಯಾವುದಾದರೂ ಹುಡುಗಿಯ ತಲೆಯ ಮೇಲೆ ಮುಚ್ಚಿದ ಬೋಗುಣಿ ಹೊರಡುತ್ತದೆ, ಒಳಗೆ ಕೆಂಕೆ, ಹುರಿದ ಮೀನು, ಮೆಣಸಿನಕಾಯಿ ಗೊಜ್ಜು. ಬೋಗುಣಿ ತೊಳೆದು ವಾಪಸು ಬಂದರೆ ಸಂಸಾರ ಸರಿಯಾಗಿದೆ ಅಂತ ಅರ್ಥ. ವಯಸ್ಸಿನಲ್ಲಿ ಅಕ್ವೆಲೆ ರಾತ್ರಿ ಅವನಲ್ಲಿಗೆ ಹೋಗಿ ಬರುತ್ತಿದ್ದಳು. ಮಂಡಿ ನೋವು ಶುರುವಾದ ಮೇಲೆ ಅದೂ ನಿಂತು, ಬೋಗುಣಿ ಒಂದೇ ಓಡಾಡುತ್ತಿತ್ತು.

ಸೋವಾ ದೋಣಿ ಬಡಗಿ. ಹೊಸ ಮನೆಯ ಚಾವಣಿಗೆ ಮರ ಜೋಡಿಸಿದವನು ಅವನೇ. ಎರಡು ತಿಂಗಳು ಟ್ರೋಟ್ರೋದಲ್ಲಿ ಬಂದು, ಮೊಳೆ ಹೊಡೆದು, ತುಟಿ ಬಿಚ್ಚದೆ ಹೋಗುತ್ತಿದ್ದ. ಅವನೂ ಇಲ್ಲಿ ಇರುತ್ತಾನೆಯೇ ಅಂತ ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಗಂಡನನ್ನು ನನ್ನ ಮನೆಗೆ ಬಂದಿರು ಅಂತ ಕರೆಯುವುದು ಹೆಂಗಸಿಗೆ ಶೋಭೆಯಲ್ಲ. ಹೆಂಡತಿಯ ಮನೆ ಸೇರಿದ ಗಂಡಸಂತೂ ದಂಡೆಯ ಮೇಲೆ ತಲೆಯೆತ್ತಿ ಓಡಾಡುವ ಹಾಗಿಲ್ಲ. ಅವನು ಬರಬೇಕೆಂದು ತನಗೆ ಆಸೆಯಿದೆಯೋ ಇಲ್ಲವೋ ಅನ್ನುವುದು ಕೂಡ ಅವಳಿಗೆ ತಿಳಿಯುತ್ತಿರಲಿಲ್ಲ. ಒಮ್ಮೆ ಬರಲಿ ಅನ್ನಿಸುತ್ತಿತ್ತು. ಮರುಗಳಿಗೆಗೆ, ಇಡೀ ದಿನ ಒಂದೇ ಸೂರಿನ ಕೆಳಗೆ ಆ ಮೂಕನ ಜೊತೆ ಏನು ಮಾಡುವುದು ಅನ್ನಿಸಿ ಗಾಬರಿಯಾಗುತ್ತಿತ್ತು.

ಅವಳಿ ತಂಗಿ ಅಕುವೊಕೊರ್ ತಾಯಿಯ ಮನೆಯಲ್ಲಿ ಎದುರು ಕೋಣೆಯವಳು, ಮಾತು ಬಲು ಹರಿತ. ವಿಷಯ ಕೇಳಿ ಮೀನು ಹೆಚ್ಚುತ್ತಿದ್ದ ಚಾಕು ಕೆಳಗಿಟ್ಟು ನಕ್ಕಳು.

"ಸ್ವಿಚ್ಚಿಗೆಲ್ಲ ಜಾಗ ಹುಡುಕಿದೀಯ, ಗಂಡನಿಗೆ ಹುಡುಕೋದು ಮರೆತೆಯಾ? ಹೋಗಿ ಕೇಳೇ. ಕೇಳಿದ್ರೆ ನಾಲಿಗೆ ಸವೆಯುತ್ತಾ?"

ಗುರುವಾರ ಸಂಜೆ ಅಕ್ವೆಲೆ ಬೋಗುಣಿಯನ್ನು ತಾನೇ ಹೊತ್ತುಕೊಂಡು ಹೊರಟಳು. ಗಂಡಸರ ಮನೆಯ ಬಾಗಿಲಲ್ಲಿ ಮಣೆಯಾಟದ ಕಾಯಿ ನಡೆಸುತ್ತ ಕೂತಿದ್ದ ಸೋವಾನ ತಮ್ಮಂದಿರು ಆಟ ನಿಲ್ಲಿಸಿ ನೋಡಿದರು. ಸೋವಾ ಎದ್ದೇ ನಿಂತ. ಯಾರಿಗಾದರೂ ಹುಷಾರಿಲ್ಲವೇ ಅಂತ ಕೇಳಿದ. ಯಾರಿಗೂ ಏನಾಗಿಲ್ಲ, ಊಟ ಮಾಡು ಅಂದಳು. ಅವನು ಕೈ ತೊಳೆದು ಎರಡು ತುತ್ತು ತಿಂದ ಮೇಲೆ ಅವಳು ಎಂದಿನಂತೆ ಮಗಳ ಹೆಸರು ಹಿಡಿದು ಕರೆದು ಮಾತು ತೆಗೆದಳು.

"ಅಜೆಲೆಯಪ್ಪಾ, ಕರೆಂಟಿನವನು ಪ್ರಾಣ ತಿಂತಿದಾನೆ. ದೊಡ್ಡ ಕೋಣೇಲಿ ಮಂಚದ ತಲೆ ಯಾವ ಗೋಡೆಗೆ ಅಂತ."

"ನಿನ್ನ ಮಂಚ, ನಿನ್ನ ಗೋಡೆ. ನನ್ನನ್ಯಾಕೆ ಕೇಳ್ತೀಯ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. "ಹಾಗಾದ್ರೆ ಚಾವಣಿ ಯಾಕೆ ಹಾಕಿಕೊಟ್ಟೆ?"

"ನನ್ನ ಹೆಂಡ್ತಿ ಮನೆ ಮೇಲೆ ಬೇರೆಯವನು ಹತ್ತಿ ಮೊಳೆ ಹೊಡೀಬೇಕಿತ್ತಾ?" ಸೋವಾ ಬೋಗುಣಿಯನ್ನೇ ನೋಡುತ್ತ ಮತ್ತೊಂದು ತುತ್ತು ಮುರಿದ. ಆಮೇಲೆ ಕೇಳಿದ. "ಅಲ್ಲಿಂದ ಊಟ ಯಾರು ತರ್ತಾರೆ, ಅಕ್ವೆಲೆ?"

ಅವಳಿಗೆ ತಟ್ಟನೆ ಅರ್ಥವಾಗಲಿಲ್ಲ.

"ಎರಡು ಗಾಡಿ ಬದಲಾಯಿಸಬೇಕು. ಯಾವ ಹುಡುಗಿ ತರ್ತಾಳೆ? ಹೆಂಗಸು ಗಂಡನಿಗೆ ಊಟ ಕಳಿಸೋದು ನಿಲ್ಲಿಸಿದ್ರೆ ನಮ್ಮಲ್ಲಿ ಏನಂತಾರೆ, ನಿನಗೆ ಗೊತ್ತಿಲ್ವಾ? ಎಂಟು ವರ್ಷದಿಂದ ಅದನ್ನೇ ನೋಡ್ತಾ ಇದೀನಿ. ನೀನು ಒಂದೊಂದು ಗೋಡೆ ಎಬ್ಬಿಸಿದಾಗಲೂ, ಇವಳು ಬಿಟ್ಟು ಹೋಗ್ತಾ ಇದಾಳೆ ಅಂತ."

ಊಟ ನಿಂತರೆ ಸಂಬಂಧ ಮುಗಿಯಿತು ಅಂತ ಲೆಕ್ಕ. ಅದು ಕೇರಿಯ ಮಕ್ಕಳಿಗೂ ಗೊತ್ತು. ಇಪ್ಪತ್ತು ಚೀಲ ಸಿಮೆಂಟಿಗೆ ಎಷ್ಟು ಮರಳು ಅಂತ ಬಾಯಲ್ಲೇ ಹೇಳುವ ಅಕ್ವೆಲೆಗೆ ಇದೊಂದು ಹೊಳೆದಿರಲಿಲ್ಲ.

"ಬಿಟ್ಟು ಹೋಗ್ತಾಳೆ ಅಂತ ತಿಳ್ಕೊಂಡೂ ಎರಡು ತಿಂಗಳು ಮೊಳೆ ಹೊಡೆದೆಯಾ?"

"ಹೋಗೋಳ ತಲೆ ಮೇಲೆ ಸೋರಬಾರದಲ್ಲ."

ಹೊರಗೆ ತಮ್ಮಂದಿರ ಆಟದ ಸದ್ದು ನಿಂತು ಎಷ್ಟೋ ಹೊತ್ತಾಗಿತ್ತು. ಎಲ್ಲರೂ ಕಿವಿ ಚಾಚಿಕೊಂಡು ಕೂತಿದ್ದಾರೆ ಅಂತ ಇಬ್ಬರಿಗೂ ಗೊತ್ತು. ಶೋಭೆ ಗೀಬೆ ಎಲ್ಲ ಚರಂಡಿಗೆ ಬೀಳಲಿ ಅಂದುಕೊಂಡು ಅಕ್ವೆಲೆ ಕೇಳಿಯೇಬಿಟ್ಟಳು. "ಕರೆದ್ರೆ ಬರ್ತೀಯಾ?"

ಸೋವಾ ಕೊನೆಯ ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದ. ಆಮೇಲೆ ಗೊಜ್ಜಿಗೆ ಇವತ್ತು ಖಾರ ಜಾಸ್ತಿಯಾಗಿದೆ ಅಂದ. ಅವಳು ಬೋಗುಣಿ ಎತ್ತಿಕೊಂಡು ಬಂದಳು.

ಇದಕ್ಕೆ ಏನರ್ಥ? ಬರುತ್ತೇನೆ ಅಂತಲೋ, ಬರುವುದಿಲ್ಲ ಅಂತಲೋ, ಖಾರ ಜಾಸ್ತಿಯಾಗಿದೆ ಅಂತ ಮಾತ್ರವೋ? ಮೂವತ್ತಾರು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಇಷ್ಟು ತಿಳಿಯುವುದಿಲ್ಲವೇ ಅಂತ ನೀವು ಕೇಳಬಹುದು. ಇನ್ನೂರು ಹೆಜ್ಜೆ ದೂರದಿಂದ ಸಂಸಾರ ಮಾಡಿ ನೋಡಿ, ಆಗ ಗೊತ್ತಾಗುತ್ತದೆ.

ಶುಕ್ರವಾರ ಅವಳು ದೊಡ್ಡ ಕೋಣೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮಂಚ ಬರೆದಳು. ಮೊದಲು ನಡುವೆ ಒಂದೇ ಒಂಟಿ ಮಂಚ. ಒಂದು ಸಲ ನೋಡಿ ಕಾಲಿನಿಂದ ಅಳಿಸಿದಳು. ಆಮೇಲೆ ಎರಡು ಮಂಚ, ಎರಡು ಗೋಡೆಗೆ. ಅದು ಆಸ್ಪತ್ರೆಯ ವಾರ್ಡಿನ ಹಾಗೆ ಕಂಡಿತು. ಆಮೇಲೆ ದೊಡ್ಡದೊಂದು ಬರೆದಳು, ನಾಚಿಕೆಯಾಗಿ ಅದನ್ನೂ ಒರೆಸಿದಳು. ಗೋಡೆಗಳ ಮೇಲೆ ಗುರುತು ಹಾಕಿ, ಅಳಿಸಿ, ಮತ್ತೆ ಹಾಕಿ, ಕೊನೆಗೆ ನಾಲ್ಕು ಗೋಡೆಗೂ ಒಂದೊಂದು ಸ್ವಿಚ್ ಇಟ್ಟುಬಿಡು ಅಂದಳು. ಹಾಗಾದರೆ ಮಂಚ ಕೋಣೆಯಲ್ಲಿ ಸುತ್ತುತ್ತಾ ಇರುತ್ತಾ ಅಂತ ಎಲಿಕೆಮ್ ಕೇಳಿದ. ಅವನು ಒಳ್ಳೆಯವನು, ಆದರೆ ಅವನ ಸಹನೆಗೂ ಒಂದು ಮಿತಿಯಿತ್ತು. ಹೋಗಲಿ, ಈ ಮನೆಯಲ್ಲಿ ಎಷ್ಟು ಜನ ಇರುತ್ತೀರಿ ಅಷ್ಟಾದರೂ ಹೇಳಿ ಅಂದ. ಅದಕ್ಕೂ ಅವಳು ನಾಳೆ ಅಂದಳು. ಶನಿವಾರ ಮಧ್ಯಾಹ್ನದವರೆಗೆ ಕಾಯುತ್ತೇನೆ, ಆಮೇಲೆ ನನಗೆ ತೋಚಿದ ಗೋಡೆ ಕೊರೆಯುತ್ತೇನೆ ಅಂತ ಅವನು ಖಡಾಖಂಡಿತವಾಗಿ ಹೇಳಿದ.

ಶನಿವಾರ ಹನ್ನೊಂದರ ಹೊತ್ತಿಗೆ ರಸ್ತೆಯ ತಿರುವಿನಲ್ಲಿ ಸೋವಾ ಬರುವುದು ಕಂಡಿತು. ಮೈಮೇಲೆ ಹೊದ್ದಿದ್ದು ಸಾವಿನ ಮನೆಯ ಕಪ್ಪು ಬಟ್ಟೆ. ಅಕ್ವೆಲೆ ಕುಂಟುತ್ತ ಓಡಿ ಹೋಗಿ ಯಾರು ಸತ್ತರು ಅಂತ ಕೇಳಿದಳು.

"ಯಾರೂ ಸತ್ತಿಲ್ಲ. ಸಾವಿನ ಕಾರ್ಯ ಎಲ್ಲ ಶನಿವಾರವೇ ಅಲ್ವಾ, ಕಪ್ಪು ಉಟ್ಟು ಹೊರಟ್ರೆ ಎಲ್ಲಿಗೆ ಅಂತ ಯಾರೂ ಕೇಳಲ್ಲ."

ಅಷ್ಟು ಹೇಳಿ ಅವನು ಅವಳನ್ನು ದಾಟಿ ಒಳಗೆ ಹೋದ. ಎಲ್ಲ ಕೋಣೆಗಳಿಗೂ ಹೋಗಿ ಬಂದ, ಚಾವಣಿಯ ಮರಗಳನ್ನು ಕತ್ತೆತ್ತಿ ನೋಡಿದ. ಆಮೇಲೆ ದೊಡ್ಡ ಕೋಣೆಯಲ್ಲಿ ನಿಂತು, ಯಾರಿಗೋ ದೋಣಿಯ ಅಳತೆ ಹೇಳುವವನ ಹಾಗೆ, ಮಂಗಳವಾರ ಕಡಲಿಗೆ ಯಾರೂ ಇಳಿಯುವುದಿಲ್ಲ, ದೋಣಿ ರಿಪೇರಿ ಎಲ್ಲ ಆವತ್ತೇ, ಹಾಗಾಗಿ ಸೋಮವಾರ ರಾತ್ರಿ ಮಾತ್ರ ದಂಡೆಯ ಮನೆಯಲ್ಲಿ ಮಲಗುತ್ತೇನೆ ಅಂದ. ಉಳಿದ ಆರು ರಾತ್ರಿಯ ಮಾತು ಎತ್ತಲಿಲ್ಲ. ಅಕ್ವೆಲೆ ಬೆರಳು ಮಡಿಸಿ ಎಣಿಸಿ ನೋಡಿಕೊಂಡಳು, ಆರೇ. ತಮ್ಮಂದಿರು ನಗುವುದಿಲ್ಲವೇ ಅಂತ ಕೇಳಿದಳು. ಗುರುವಾರದಿಂದಲೇ ನಗುತ್ತಾ ಇದ್ದಾರೆ ಅಂದ ಸೋವಾ.

"ಯಜಮಾನರೇ, ಮಂಚದ ತಲೆ?" ಬಾಗಿಲಲ್ಲಿ ನಿಂತಿದ್ದ ಎಲಿಕೆಮ್ ಕೇಳಿದ.

ಸೋವಾ ಇಸ್ತ್ರಿ ಹಾಕಿದ ಆ ಕಪ್ಪು ಬಟ್ಟೆಯಲ್ಲೇ ಸಿಮೆಂಟಿನ ಧೂಳಿನ ಮೇಲೆ ಮಲಗಿದ. ಕಿಟಕಿಯ ಕಡೆ ತಲೆ ಹಾಕಿದ, ಬೆಳಕು ಕಣ್ಣಿಗೆ ಹೊಡೆಯಿತು, ಎದ್ದು ತಿರುಗಿ ಹಿಂದಿನ ಗೋಡೆಗೆ ತಲೆ ಇಟ್ಟು ಮತ್ತೆ ಮಲಗಿದ. ಇದೇ ಗೋಡೆ ಅಂದ. ಎಲಿಕೆಮ್ ಸೀಮೆಸುಣ್ಣ ಹಿಡಿದು ಬಾಗಿದಾಗ, ತಡಿ ಅಂತ ಕೈ ತೋರಿಸಿ, ಬೆನ್ನನ್ನು ನೆಲಕ್ಕೆ ಉಜ್ಜುತ್ತಲೇ ಸರಿದು ಸರಿದು ಇನ್ನೂ ಬಾರದ ಮಂಚದ ಬಾಗಿಲ ಕಡೆಯ ಅಂಚಿಗೆ ಬಂದು ಮಲಗಿದ.

ಗಂಡಸರ ಮನೆಯಲ್ಲಿ ಅವನ ಮಂಚದ ಮೇಲೆ ಬಾಗಿಲ ಕಡೆ ಯಾವತ್ತೂ ಅಕ್ವೆಲೆಯದು. ಕೋಳಿ ಕೂಗುವ ಮೊದಲು ಎದ್ದು, ಯಾರನ್ನೂ ಎಬ್ಬಿಸದೆ, ಹಂಡೆಗೆ ಬೆಂಕಿ ಹಾಕಲು ಓಡಬೇಕಾದವಳು ಅವಳು. ಒಳಬದಿಯಲ್ಲಿ ಗೋಡೆಗೆ ಒತ್ತಿ ಅವನು ಮಲಗುತ್ತಿದ್ದ. ಅಂಥ ರಾತ್ರಿಗಳು ಎಷ್ಟು ಕಳೆದವೋ, ಅವನ ಪಕ್ಕದಲ್ಲಿ ಒಮ್ಮೆಯೂ ಅವಳಿಗೆ ಬೆಳಗಾಗಿರಲಿಲ್ಲ. ಈಗ ಒಳಬದಿ ಪೂರ್ತಿ ಖಾಲಿ ಬಿಟ್ಟು ಅವನು ಬಾಗಿಲ ಕಡೆ ಮಲಗಿದ್ದ.

"ಇಲ್ಲೊಂದು ಸ್ವಿಚ್ ಹಾಕು," ಅಂದ ಸೋವಾ, ಎಲಿಕೆಮ್‌ಗೆ. "ಆ ಕಡೆದು ಅವಳನ್ನ ಕೇಳು."

ಎಲಿಕೆಮ್ ಅವಳ ಕಡೆ ತಿರುಗಿದ. ಎಷ್ಟು ಎತ್ತರಕ್ಕೆ ಬೇಕು, ಕೈ ಎಲ್ಲಿಗೆ ಸಿಗುತ್ತೆ, ಸ್ವಲ್ಪ ಮಲಗಿ ತೋರಿಸ್ತೀರಾ ಅಮ್ಮಾ ಅಂತ ಕೇಳಿದ. ಪರ ಗಂಡಸಿನ ಎದುರಿಗೆ, ಹಾಡು ಹಗಲಿನಲ್ಲಿ, ಬರಿ ನೆಲದ ಮೇಲೆ. ಅಕ್ವೆಲೆಗೆ ಏನು ಮಾಡಬೇಕೆಂದು ತೋಚಲಿಲ್ಲ. ನಗು ಬಂದ ಹಾಗೂ ಆಯಿತು, ಅಳು ಬಂದ ಹಾಗೂ ಆಯಿತು. ಹೊರಗೆ ಹೋಗಿರು ಅಂತ ಎಲಿಕೆಮ್‌ನನ್ನು ಗದರಿ ಕಳಿಸಿದಳು. ಆಮೇಲೆ ಗೋಡೆ ಹಿಡಿದುಕೊಂಡು, ನೋಯುವ ಮಂಡಿಯನ್ನು ನಿಧಾನವಾಗಿ ಮಡಿಸಿ, ಒಳಬದಿಯಲ್ಲಿ ಮಲಗಿದಳು.